ಎಷ್ಟು ಎಣಿಸಿದಿರಿ?

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಸೋಮವಾರ ಕೈಸೇರಿತು. ಮಧ್ಯಾಹ್ನ ಬಿಡದೆ ಹೊಯ್ಯುತ್ತಿದ್ದ ಮಳೆಯಲ್ಲಿ ಅಂಚೆಯವರು ಕೊಡೆ ಮಡಚುತ್ತ ಜಗಲಿ ಹತ್ತಿ ಬಂದು ಕೊಟ್ಟು ಹೋದರು. ಲಕೋಟೆಯ ಒಂದು ಮೂಲೆ ಒದ್ದೆಯಾಗಿತ್ತು. ಪುಣ್ಯಕ್ಕೆ ಒಳಗಿದ್ದ ಲೇಸಿನ ತುಂಡಿಗೆ ಏನೂ ಆಗಿರಲಿಲ್ಲ. ಅದನ್ನು ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಪತ್ರ ಓದಿದೆ. ತಪ್ಪು ತಿಳಿಯಬೇಡಿ.

ನೆಂಟರ ಮನೆಯಲ್ಲಿ ನಿಮ್ಮ ದಿಂಬಿನ ಚೀಲದ ಅಂಚು ನೋಡಿದವರೆಲ್ಲ "ಅಬ್ಬ, ನಿಮಗೆ ಎಷ್ಟು ತಾಳ್ಮೆ!" ಎಂದರಂತೆ. ಸಂತೋಷ ಆಗಬೇಕಿತ್ತು, ಆಗಲಿಲ್ಲ, ಒಳಗೊಳಗೇ ಏನೋ ಚುಚ್ಚಿತು, ಇದು ನನ್ನ ಅಹಂಕಾರವೇ ಎಂದು ಕೇಳಿದ್ದೀರಿ. ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಮುಳ್ಳು ನನಗೂ ಚುಚ್ಚಿದೆ. ಎಲ್ಲಿ, ಹೇಗೆ ಚುಚ್ಚಿತು ಎಂದು ಬರೆದರೆ ನಿಮಗೆ ಸ್ವಲ್ಪ ಸಮಾಧಾನ ಆಗಬಹುದು.

ವಾರಕ್ಕೆರಡು ಸಲ ನಾನು ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುತ್ತೇನೆಂದು ನಿಮಗೆ ಗೊತ್ತಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ಎಂದು ನಿಂತು ಹೋಗುವ ಬಂಡಿ. ಕಿಟಕಿ ಪಕ್ಕ ಸಿಕ್ಕಿದರೆ ಚೀಲದಿಂದ ಕ್ರೋಶಾ ಕಡ್ಡಿ, ನೂಲಿನ ಉಂಡೆ ಹೊರಗೆ ಬರುತ್ತದೆ. ಬಂದ ಕೂಡಲೇ ಪಕ್ಕದವರ ಕಣ್ಣು ಅಲ್ಲಿಗೆ. ನಮ್ಮದು ಏಳು ಭಾಷೆಯ ಊರು ಎಂದು ಹೇಳುವುದುಂಟು, ಅಷ್ಟು ಭಾಷೆಗಳಲ್ಲೂ ಬರುವ ಮಾತು ಒಂದೇ. ತುಳುವಿನವರು "ಏತ್ ತಾಳ್ಮೆ ಈರೆಗ್!" ಎನ್ನುತ್ತಾರೆ. ಮಲಯಾಳದವರು "ಎಂತೊರು ಕ್ಷಮ!" ಎನ್ನುತ್ತಾರೆ. ಅವರಲ್ಲಿ ಕ್ಷಮ ಎಂದರೆ ತಾಳ್ಮೆ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಆ ಮಾತು ಕೇಳಿ, ಇವರು ಯಾರನ್ನು ಕ್ಷಮಿಸು ಎನ್ನುತ್ತಿದ್ದಾರೆ ಎಂದು ಸುತ್ತ ನೋಡಿದ್ದೆ. ಕನ್ನಡದಲ್ಲಿ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: "ನಿಮಗೆ ಪುರುಸೊತ್ತು ಉಂಟು, ಆಗ್ತದೆ. ನಮಗೆಲ್ಲಿ ಮಾರಾಯ್ರೆ?"

ತಾಳ್ಮೆ, ಪುರುಸೊತ್ತು. ಎರಡೂ ಹೊತ್ತಿನ ಮಾತೇ. ಇಷ್ಟು ಹೊತ್ತು ಕೂತಿರಲಿಕ್ಕೆ ಆಗುತ್ತದಲ್ಲ ಎಂಬುದು ಒಂದು, ಕೂರುವಷ್ಟು ಹೊತ್ತು ಸಿಗುತ್ತದಲ್ಲ ಎಂಬುದು ಇನ್ನೊಂದು. ಕೈಗೆ ಬಂದ ವಿದ್ಯೆಯ ಮಾತು ಎರಡರಲ್ಲೂ ಇಲ್ಲ. ವೀಣೆ ನುಡಿಸುವವರಿಗೆ ಯಾರಾದರೂ "ಎಷ್ಟು ತಾಳ್ಮೆ" ಎಂದು ಹೇಳಿ ಎದ್ದು ಹೋಗುತ್ತಾರೆಯೇ? ನಿಮಗೆ ಚುಚ್ಚಿದ್ದು ಇದೇ ಎಂದು ನನ್ನ ಅಂದಾಜು.

ನೋಡುವವರ ತಪ್ಪು ಎಂದೂ ಹೇಳಲಾರೆ. ಅವರಿಗೆ ಕಾಣುವುದು ಒಂದು ಕಡ್ಡಿ, ಒಂದು ನೂಲು, ಅಲ್ಲಾಡುವ ನಾಲ್ಕು ಬೆರಳು. ಲೆಕ್ಕ ಕಾಣುವುದಿಲ್ಲ. ಒಂದು ದುಂಡನೆಯ ಮೇಜಿನ ಹಾಸು ಹಾಕುತ್ತೇವೆ ಎಂದಿಟ್ಟುಕೊಳ್ಳಿ. ನಡುವಿನ ಸುತ್ತಿಗೆ 12 ಟ್ರೆಬಲ್, ನಮ್ಮ ಮನೆಯ ಮಾತಿನಲ್ಲಿ 12 ಕಂಬ. ಎರಡನೇ ಸುತ್ತಿಗೆ 24, ಮೂರನೆಯದಕ್ಕೆ 36, ಆಮೇಲೆ 48, 60. ಸುತ್ತಿಗೆ ಹನ್ನೆರಡರಂತೆ ಏರಿಸುತ್ತ ಹೋದರೆ ಹಾಸು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಏರಿಸಿದ್ದು ಕಡಿಮೆಯಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಹೆಚ್ಚಾದರೆ ನಿರಿಗೆ ನಿರಿಗೆಯಾಗಿ ಕುಣಿಯುತ್ತದೆ. ನೂಲು ಎಳೆಯುವ ಬಿಗಿಯನ್ನೂ ಬೆರಳೇ ತೀರ್ಮಾನಿಸಬೇಕು. ಸೆಕೆಗಾಲದಲ್ಲಿ ಕೈ ಬೆವರಿ ನೂಲು ಜಾರುವುದಿಲ್ಲ, ಬಿಗಿ ತಾನಾಗಿ ಹೆಚ್ಚುತ್ತದೆ. ಏಪ್ರಿಲಿನಲ್ಲಿ ಹಾಕಿದ ಸುತ್ತು, ಜುಲೈಯಲ್ಲಿ ಹಾಕಿದ ಸುತ್ತು ಒಂದೇ ಅಳತೆಗೆ ಬರಬೇಕಾದರೆ ಎಷ್ಟು ಗಮನ ಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತವರು "ಮಾತಾಡುತ್ತಲೇ ಹಾಕುತ್ತೀರಲ್ಲ" ಎಂದು ಬೆರಗಾಗುತ್ತಾರೆ. ಮಾತಾಡುತ್ತಿರುವಾಗಲೂ ಒಳಗೆ ಒಂದು ಎಣಿಕೆ ಓಡುತ್ತಲೇ ಇರುತ್ತದೆ.

ಒಮ್ಮೆ ಉಪ್ಪಳದಲ್ಲಿ ತಾಯಿಯ ಜೊತೆ ಹತ್ತಿದ ಏಳೆಂಟು ವರ್ಷದ ಹುಡುಗಿ ನನ್ನ ಎದುರು ಕೂತಳು. ಲೇಸನ್ನು ಮುಟ್ಟಬೇಡ ಎಂದು ತಾಯಿ ಗದರಿದರೂ ಅವಳ ಕಣ್ಣು ಲೇಸಿನ ಮೇಲೆ ಇರಲೇ ಇಲ್ಲ, ಕಡ್ಡಿಯ ತುದಿಯ ಮೇಲಿತ್ತು. ತುಂಬ ಹೊತ್ತು ನೋಡಿ ಕೇಳಿದಳು: "ಗಂಟು ಎಲ್ಲಿ ಹಾಕುವುದು?" ಗಂಟೇ ಇಲ್ಲ ಮಗಾ, ಕುಣಿಕೆಯೊಳಗಿಂದ ಕುಣಿಕೆ ಅಷ್ಟೇ ಎಂದೆ. ನಂಬಲಿಲ್ಲ. ಕಡ್ಡಿ ತೆಗೆದು ನೂಲಿನ ತುದಿ ಅವಳ ಕೈಗೆ ಕೊಟ್ಟು ಎಳೆ ಎಂದೆ. ಎಳೆದಳು. ಕಂಬಗಳು ಒಂದೊಂದಾಗಿ ಪುಟಪುಟನೆ ಬಿಚ್ಚಿಕೊಂಡವು. ಹಾಳಾಯಿತೆಂದು ಹೆದರಿ ಕೈ ಹಿಂದಕ್ಕೆ ತೆಗೆದಳು. ಇನ್ನೂ ಎಳೆ ಎಂದೆ. ಅರ್ಧ ಸಾಲು ಹೋಯಿತು. ಇಷ್ಟೆಲ್ಲ ಹೂವು, ಜಾಲರಿ, ಎಲೆ ಎಲ್ಲವೂ ತುಂಡಾಗದ ಒಂದೇ ಎಳೆ ಎಂಬುದು ಅವಳ ಮುಖದಲ್ಲಿ ಮೂಡಿದ ಗಳಿಗೆಯನ್ನು ನಾನು ಮರೆಯುವುದಿಲ್ಲ. ಮಂಜೇಶ್ವರದಲ್ಲಿ ಇಳಿಯುವವರೆಗೂ ಬಿಚ್ಚಿದ ಕಡೆಯನ್ನು ನಾನು ಮತ್ತೆ ಹಾಕುವುದನ್ನು ನೋಡುತ್ತಲೇ ಇದ್ದಳು. ಆ ಅರ್ಧ ಸಾಲು ನನಗೆ ನಷ್ಟ ಎನಿಸಲೇ ಇಲ್ಲ.

ಇನ್ನೊಂದು ದಿನ ಕುಂಬಳೆಯಲ್ಲಿ ಒಬ್ಬರು ಹಿರಿಯ ಬ್ಯಾರಿ ಹೆಂಗಸು ಹತ್ತಿದರು. ಉಸಿರು ಸುಧಾರಿಸಿಕೊಂಡು ಕೂತವರು, ಏನೂ ಕೇಳದೆ ಕೈ ಚಾಚಿದರು. ಕೊಟ್ಟೆ. ಅವರು ಲೇಸಿನ ಮುಖ ನೋಡಲಿಲ್ಲ, ತಿರುಗಿಸಿ ಬೆನ್ನು ನೋಡಿದರು. ಹೆಬ್ಬೆರಳಿನಿಂದ ನೂಲಿನ ತುದಿ ಎಲ್ಲಿ ಅಡಗಿಸಿದ್ದೇನೆ ಎಂದು ಹುಡುಕಿದರು. ಆಮೇಲೆ ಕೇಳಿದರು: "ಎಷ್ಟು ಎಣಿಸಿದಿರಿ?"

ಗೆಳತಿ, ಅಷ್ಟು ವರ್ಷ ನಾನು ಕಾಯುತ್ತಿದ್ದ ಮಾತು ಅದು. ಕಾಯುತ್ತಿದ್ದೆ ಎಂದೇ ಗೊತ್ತಿರಲಿಲ್ಲ. ಒಂದು ಮಾದರಿಗೆ 16 ಕಂಬ, ನಡುವೆ 5 ಚೈನ್ ಎಂದೆ. ತಲೆಯಾಡಿಸಿದರು. ಅವರು ಸಣ್ಣವರಿದ್ದಾಗ ತಳಂಗರೆಯ ತೊಪ್ಪಿ ಹೊಲಿದವರು.

ತಳಂಗರೆ ಎಂದರೆ ನಮ್ಮ ಪೇಟೆಯ ಪಕ್ಕದಲ್ಲೇ, ಚಂದ್ರಗಿರಿ ಹೊಳೆ ಕಡಲು ಸೇರುವ ಕಡೆ, ಮಾಲಿಕ್ ದೀನಾರ್ ಮಸೀದಿ ಇರುವ ಜಾಗ. ಅಲ್ಲಿನ ಕೈಕಸೂತಿಯ ಬಿಳಿ ತೊಪ್ಪಿ ಒಂದು ಕಾಲದಲ್ಲಿ ಕೊಲ್ಲಿ ದೇಶಗಳಿಗೆ, ಆಫ್ರಿಕಾಕ್ಕೆ ಹೋಗುತ್ತಿತ್ತು. ಹೊಲಿದವರು ಮನೆಯೊಳಗಿನ ಹೆಂಗಸರು. ಲೇಸು ಮತ್ತು ಆ ತೊಪ್ಪಿ ಒಂದೇ ಕಸುಬಲ್ಲ, ನಮ್ಮದು ಬಟ್ಟೆಯಿಲ್ಲದೆ ಬರೀ ನೂಲಿನಿಂದ ಕಟ್ಟುವುದು, ಅವರದು ಬಟ್ಟೆಯ ಮೇಲೆ ಸೂಜಿಯಿಂದ ಬರೆಯುವುದು. ಆದರೆ ಎಣಿಕೆ ಎರಡಕ್ಕೂ ಪ್ರಾಣ. ತೊಪ್ಪಿಯ ಸುತ್ತು ಪೂರ್ತಿಯಾಗುವಾಗ ಕೊನೆಯ ಹೂವು ಮೊದಲ ಹೂವಿಗೆ ಸರಿಯಾಗಿ ಬಂದು ಕೂಡಬೇಕು. ಅರ್ಧ ಹೂವಿನಲ್ಲಿ ಸುತ್ತು ಮುಗಿದರೆ ಕೆಟ್ಟಿತು. ಆ ಹೆಂಗಸು ನನಗೆ ಹೇಳಿದ್ದು ಇಷ್ಟೇ: "ತಲೆಗೆ ಇಟ್ಟವರು ಚಂದ ಉಂಟು ಎನ್ನುತ್ತಾರೆ. ಹೊಲಿದವರ ಕಣ್ಣು ಏನಾಯಿತು ಎಂದು ಯಾರೂ ಕೇಳುವುದಿಲ್ಲ." ಕಂಪ್ಯೂಟರ್ ಕಸೂತಿಯ ಅಗ್ಗದ ತೊಪ್ಪಿ ಅಂಗಡಿಗೆ ಬಂದ ಮೇಲೆ ಕೈತೊಪ್ಪಿ ಹೊಲಿಯುವವರು ತೀರ ಕಡಿಮೆಯಾಗಿದ್ದಾರೆ.

ಪುರುಸೊತ್ತಿನ ಮಾತಿಗೆ ಮತ್ತೆ ಬರುತ್ತೇನೆ, ಅದು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನಮ್ಮ ಮಂಜೇಶ್ವರದ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಮಡಿಲ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಅದೂ ಮನೆಯೊಳಗೆ, ಅದೂ ಕೂತಲ್ಲೇ, ಅದೂ ಮಾತಾಡುತ್ತಲೇ. ಆದರೆ ಅವರನ್ನು ನೋಡಿ ಪುರುಸೊತ್ತಿನವರು ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಬೀಡಿಗೆ ಸಾವಿರಕ್ಕೆ ಇಷ್ಟೆಂದು ಮಜೂರಿ ಉಂಟು, ಡಿಪೋದಲ್ಲಿ ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಕಾಸರಗೋಡು ಸೀರೆಯನ್ನು ನೇಯುವವರನ್ನೂ ಯಾರೂ ಹಾಗೆನ್ನುವುದಿಲ್ಲ. ಮಗ್ಗಕ್ಕೆ ಸದ್ದು ಉಂಟು, 1938ರಿಂದ ಸಹಕಾರ ಸಂಘ ಉಂಟು, ಈಗ ಭೌಗೋಳಿಕ ಸೂಚಕದ, ಅಂದರೆ ಜಿ.ಐ. ಗುರುತೂ ಉಂಟು. ಲೇಸಿಗೆ ಸದ್ದಿಲ್ಲ. ಮಡಿಲಲ್ಲಿ ಹುಟ್ಟಿ ದಿಂಬಿನ ಅಂಚಿಗೆ ಸೇರಿಬಿಡುತ್ತದೆ.

ಆಂಧ್ರದ ಗೋದಾವರಿ ಕಡೆಯ ನರಸಾಪುರದ ಹೆಸರು ಕೇಳಿರುತ್ತೀರಿ. 19ನೇ ಶತಮಾನದಲ್ಲಿ ಮಿಶನರಿಗಳು ಕಲಿಸಿದ ಕ್ರೋಶಾ ಲೇಸು ಅಲ್ಲಿ ಹಳ್ಳಿ ಹಳ್ಳಿಗೆ ಹಬ್ಬಿ ಹೊರದೇಶಗಳಿಗೆ ಹೋಗುವ ದೊಡ್ಡ ವ್ಯಾಪಾರವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ಆ ಹೆಂಗಸರ ನಡುವೆ ಕೂತು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ದಿನಕ್ಕೆ ಆರೆಂಟು ಗಂಟೆ ಲೇಸು ಹಾಕಿ, ಮೇಲೆ ಮನೆಗೆಲಸವನ್ನೂ ಮಾಡುತ್ತಿದ್ದ ಆ ಹೆಂಗಸರನ್ನು ಸುತ್ತಲಿನವರೆಲ್ಲ ಬಿಡುವಿನಲ್ಲಿ ಏನೋ ಹೆಣೆಯುವ ಗೃಹಿಣಿಯರು ಎಂದೇ ತಿಳಿದಿದ್ದರು. ಬಿಡುವಿನ ಕೆಲಸಕ್ಕೆ ಪೂರ್ತಿ ಕೂಲಿ ಏಕೆ ಕೊಡಬೇಕು? ಹಾಗಾಗಿ ಕೊಡಲಿಲ್ಲ. ಪಕ್ಕದವರು ಸಲೀಸಾಗಿ ಆಡುವ ಒಂದು ಮಾತು ಮಜೂರಿಯನ್ನು ಎಷ್ಟು ಕೆಳಗೆ ಇಳಿಸಬಲ್ಲದು ನೋಡಿ. ಆ ಲೇಸಿಗೆ 2024ರಲ್ಲಿ ಜಿ.ಐ. ಗುರುತು ಸಿಕ್ಕಿತು. ಒಳ್ಳೆಯದೇ ಆಯಿತು, ಬಹಳ ತಡವಾಯಿತು.

ದೂರದ ಐರ್ಲೆಂಡಿನಲ್ಲೂ 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ ಎಷ್ಟೋ ಸಂಸಾರಗಳು ಹೆಂಗಸರ ಕ್ರೋಶಾದಿಂದ ಗಂಜಿ ಕಂಡವು. ಅವರನ್ನೂ ಪುರುಸೊತ್ತಿನವರು ಎನ್ನಬಹುದೇ?

ಬೆಲೆಯ ಮಾತು ನೀವೇ ಎತ್ತಿದ್ದೀರಿ. "ಅಂಗಡಿಯಲ್ಲಿ ಮೀಟರಿಗೆ 20 ರೂಪಾಯಿಗೆ ಸಿಗುತ್ತದಲ್ಲ" ಎಂದರಂತೆ ಒಬ್ಬರು. ಸಿಗುತ್ತದೆ. 1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಜಾಲರಿ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದಂದಿನಿಂದ ಯಂತ್ರದ ಲೇಸು ಸಿಗುತ್ತಲೇ ಇದೆ. 1816ರಲ್ಲಿ ಅವನ ಕಾರ್ಖಾನೆಗೆ ಜನ ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು, ಆದರೂ ಯಂತ್ರ ನಿಲ್ಲಲಿಲ್ಲ. ನಾನು ಯಂತ್ರದ ಲೇಸನ್ನು ಹಳಿಯುವುದಿಲ್ಲ, ಮಗಳ ಲಂಗಕ್ಕೆ ನಾನೇ ತಂದು ಹಚ್ಚಿದ್ದುಂಟು. ಆದರೆ ಕ್ರೋಶಾದ ಹಾಗೆ ಕಾಣುವ ಬಟ್ಟೆಯನ್ನು ಯಂತ್ರ ಹೆಣೆಯುತ್ತದೆಯೇ ಹೊರತು, ನಾವು ಕಡ್ಡಿಯಲ್ಲಿ ಹಾಕುವ ಕ್ರೋಶಾ ಇವತ್ತಿಗೂ ಕೈಯಿಂದಲೇ ಬರಬೇಕು. ನನ್ನ ಕೈಗೆ ಎರಡು ಇಂಚು ಅಗಲದ ಲೇಸು ಒಂದು ಇಂಚು ಉದ್ದ ಬರಲು ಹತ್ತು ನಿಮಿಷ ಬೇಕು. ದಿಂಬಿನ ಚೀಲದ ಬಾಯಿ ಸುತ್ತಲೂ 36 ಇಂಚು. ಅಂದರೆ ಆರು ಗಂಟೆ. ಮುಂದಿನ ಸಲ ಬೆಲೆ ಕೇಳಿದವರಿಗೆ ಈ ಲೆಕ್ಕವನ್ನು ಮೆಲ್ಲಗೆ ಹೇಳಿ. ಕೋಪ ಬೇಡ. ಆರು ಗಂಟೆ ಎಂದು ಕೇಳಿದ ಮೇಲೆ ಹೆಚ್ಚಿನವರು ಲೇಸನ್ನು ಇನ್ನೊಮ್ಮೆ ಕೈಗೆ ತೆಗೆದುಕೊಳ್ಳುತ್ತಾರೆ, ನಾನು ಕಂಡಿದ್ದೇನೆ.

ಲೇಸು ಹೆಣೆಯುವವಳನ್ನು ಚೆನ್ನಾಗಿ ನೋಡಿದವರು ಹಿಂದೆಯೂ ಇದ್ದರು. ಡಚ್ ಚಿತ್ರಕಾರ ವರ್ಮೀರ್ 1670ರ ಆಸುಪಾಸಿನಲ್ಲಿ ಬರೆದ ಒಂದು ಚಿತ್ರ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. 24 ಸೆಂಟಿಮೀಟರ್ ಎತ್ತರ, 21 ಅಗಲ, ಮಕ್ಕಳ ನೋಟುಪುಸ್ತಕದಷ್ಟೇ. ಹಳದಿ ಅಂಗಿಯ ಹುಡುಗಿ ತಲೆ ಬಗ್ಗಿಸಿ ಕೂತು ಪುಟ್ಟ ಕದಿರುಗಳಲ್ಲಿ ಲೇಸು ಹೆಣೆಯುತ್ತಿದ್ದಾಳೆ. ಪಕ್ಕದ ಮೆತ್ತೆಯಿಂದ ಕೆಂಪು, ಬಿಳಿ ನೂಲು ನೀರಿನಂತೆ ಚೆಲ್ಲಿದೆ. ಅವಳ ಬೆರಳುಗಳ ನಡುವೆ ಬಿಗಿದು ನಿಂತ ಎರಡು ಎಳೆ ಮಾತ್ರ ಕೂದಲೆಳೆಯಂತೆ ಸ್ಪಷ್ಟ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಏನು ಗೊತ್ತೇ? ಇಡೀ ಚಿತ್ರದಲ್ಲಿ ಅವಳು ಹೆಣೆಯುತ್ತಿರುವ ಲೇಸು ಕಾಣುವುದೇ ಇಲ್ಲ. ಬರೆದವನಿಗೆ ಬೇಕಾಗಿದ್ದದ್ದು ಅವಳ ಗಮನ. ಉಪ್ಪಳದ ಆ ಹುಡುಗಿಯೂ ಲೇಸು ಬಿಟ್ಟು ಕಡ್ಡಿಯ ತುದಿಯನ್ನೇ ನೋಡಿದ್ದಳು.

"ಎಷ್ಟು ತಾಳ್ಮೆ" ಎನ್ನುವವರ ಮೇಲೆ ಮುನಿಸು ಇಟ್ಟುಕೊಳ್ಳಬೇಡಿ. ಅವರ ಬಳಿ ಬೇರೆ ಮಾತಿಲ್ಲ, ಯಾರೂ ಕಲಿಸಿಲ್ಲ. ನಾನು ಈಗ ಏನು ಮಾಡುತ್ತೇನೆಂದರೆ, ಯಾರಾದರೂ ತಾಳ್ಮೆ ಎಂದ ಕೂಡಲೇ ಲೇಸನ್ನು ತಿರುಗಿಸಿ ಬೆನ್ನು ತೋರಿಸುತ್ತೇನೆ. ನೂಲಿನ ತುದಿ ಎಲ್ಲಿದೆ ಹುಡುಕಿ ಎನ್ನುತ್ತೇನೆ. ಹುಡುಕುತ್ತಾರೆ, ಸಿಗುವುದಿಲ್ಲ, ಆಗ ಕೇಳಲು ಶುರು ಮಾಡುತ್ತಾರೆ. ನೀವೂ ಮಾಡಿ ನೋಡಿ.

ಇನ್ನು ನನ್ನ ಸರದಿ. ನೀವು ಕಳಿಸಿದ ಅನಾನಸಿನ ಮಾದರಿಯನ್ನು ಕನ್ನಡಕ ಹಾಕಿಕೊಂಡು ಮೂರು ಸಲ ಎಣಿಸಿದೆ. ಬುಡದಲ್ಲಿ 11 ಕಂಬ, ಅದು ಸರಿ. ಐದನೇ ಸಾಲಿನಿಂದ ಆರನೆಯದಕ್ಕೆ ಹೋಗುವಾಗ ಒಂದು ಬದಿಯಲ್ಲಿ ಎರಡು ಚೈನ್, ಇನ್ನೊಂದು ಬದಿಯಲ್ಲಿ ಮೂರು ಸಿಗುತ್ತಿದೆ. ಬೇಕೆಂದೇ ಹಾಕಿದ್ದೋ, ನನ್ನ ಎಣಿಕೆ ತಪ್ಪಿದ್ದೋ? ಆ ಸಾಲಿಗೆ ನೀವು ಎಷ್ಟು ಎಣಿಸಿದಿರಿ ಎಂದು ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ. ಅಲ್ಲಿಯವರೆಗೆ ನಾನು ಐದನೇ ಸಾಲಿನಲ್ಲೇ ನಿಲ್ಲಿಸಿರುತ್ತೇನೆ.

ಇತಿ, ಪ್ರೀತಿಯಿಂದ,
ಕಾಸರಗೋಡಿನಿಂದ ನಿಮ್ಮ ಗೆಳತಿ