ಕಾಳಿ ತೀರದಲ್ಲಿ ಮುನಿದ ಕಾರು

ಹಳಿಯಾಳದಿಂದ ದಾಂಡೇಲಿ ದಾಟಿ ಜೋಯಿಡಾದ ನಾದಿನಿಯ ಮನೆಗೆ ಹೊರಟಿದ್ದೆವು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟನ್ನು ದೂರದಿಂದ ನೋಡಿ, ಅಸರ್ ನಮಾಝ್ ಮುಗಿಸಿ ಬಂದರೆ ಕಾರು ಸ್ಟಾರ್ಟ್ ಆಗಲೊಲ್ಲದು! ಬೆಳಿಗ್ಗೆಯೂ ಎರಡು ಸಲ ಹೀಗೇ ಮುನಿದು, ತಾನಾಗಿಯೇ ಸರಿಹೋಗಿತ್ತು.

ಮುಂದೆ ಕಾಡಿನ ದಾರಿ, ಮಗ್ರಿಬ್ ಹತ್ತಿರ, ಜೊತೆಗೆ ಸಕ್ಕರೆ ಕಾಯಿಲೆಯ ಅತ್ತೆ. "ದೂಡೋಣ" ಎಂದರು ಇವರು. ಆದರೆ ಇದು ಗುಂಡಿ ಒತ್ತಿ ಹೊರಡಿಸುವ ಕಾರು. ಕೀಲಿಯ ಗುರುತು ಸಿಗದಿದ್ದರೆ ದೂಡಿದರೂ ಏಳದು.

"ಅಕ್ಕಾ, ಕೀ ಎಲ್ಲಿದೆ?" ಚಹಾ ಅಂಗಡಿಯ ಹುಡುಗ ಕೇಳಿದ. ನನ್ನ ಬ್ಯಾಗಿನಲ್ಲಿ, ಮೊಬೈಲಿಗೆ ಅಂಟಿಕೊಂಡಿತ್ತು. "ತೆಗೆದು, ಆ ಗುಂಡಿಗೇ ತಾಗಿಸಿ ಒತ್ತಿ" ಎಂದ. ಕಾರು ಹೊರಟಿತು. ಅಲ್‌ಹಮ್ದುಲಿಲ್ಲಾಹ್!

ಕೀಲಿಯೊಳಗಿನ ಪುಟ್ಟ ಸೆಲ್ ಸೋತಿತ್ತು. ಪಕ್ಕದ ಮೊಬೈಲ್ ಅದರ ಕ್ಷೀಣ ಸಂಕೇತಕ್ಕೂ ಅಡ್ಡವಾಗಿತ್ತು. ಸಹೋದರಿಯರೇ, ಪ್ರಯಾಣದ ಬುತ್ತಿಯ ಜೊತೆ ಒಂದು ಹೊಸ ಸೆಲ್ಲೂ ಇರಲಿ.