ಊಜಿ ನೊಣವೂ ಅನ್ಯಲೋಕದ ಪ್ರಾಣಿಯೂ

ನಾನು ಕಲಾ ವಿಭಾಗದವನು. ಜೀವಶಾಸ್ತ್ರದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ವಿಜ್ಞಾನ ಓದುವ ಮಿತ್ರರು ಹೇಳಿಯಾರು. ಆದರೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ಅಷ್ಟು ಸಲಿಗೆ ಸಲ್ಲಬೇಕು.

ದಸರಾ ರಜೆಗೆ ಮೊದಲು ಹಾಸ್ಟೆಲಿನಲ್ಲಿ ನಾಲ್ಕಾರು ಮಂದಿ ಸೇರಿ, ಗೆಳೆಯನ ಕಂಪ್ಯೂಟರಿನಲ್ಲಿ ‘ಏಲಿಯನ್’ ಚಿತ್ರವನ್ನು ನೋಡಿದೆವು. ರಿಡ್ಲಿ ಸ್ಕಾಟ್ 1979ರಲ್ಲಿ ನಿರ್ದೇಶಿಸಿದ ಚಿತ್ರವದು. ನಾಸ್ಟ್ರೋಮೊ ಎಂಬ ಗಗನನೌಕೆ, ಅದರಲ್ಲಿ ಏಳು ಮಂದಿ. ಯಾವುದೋ ಹಾಳು ನೆಲದಲ್ಲಿ ಒಂದು ಮೊಟ್ಟೆ ಬಿರಿದು, ಜೇಡದಂಥ ಪ್ರಾಣಿಯೊಂದು ಕೇನ್ ಎಂಬವನ ಮುಖಕ್ಕೆ ಕಚ್ಚಿಕೊಳ್ಳುತ್ತದೆ. ಅವನೊಳಗೆ ತನ್ನ ಸಂತಾನವನ್ನಿಟ್ಟು ತಾನು ಸಾಯುತ್ತದೆ. ಅವನೋ ಎಚ್ಚೆತ್ತು, ಹಸಿವೆಂದು ಊಟಕ್ಕೆ ಕೂರುತ್ತಾನೆ. ಊಟದ ನಡುವೆಯೇ ಅವನ ಎದೆಯನ್ನು ಸೀಳಿಕೊಂಡು ಮರಿ ಹೊರಬೀಳುತ್ತದೆ! ಗೆಳೆಯರು ಚೀರಿದರು. ನಾನು, “ಇದು ಊಜಿ!” ಎಂದುಬಿಟ್ಟೆ. ಹಾಗೆಂದರೇನೆಂದು ಅವರು ಕೇಳಿದಾಗ ಏನೂ ಇಲ್ಲವೆಂದೆ. ಮನೆಯ ಹುಳುವಿನ ವಿಚಾರವನ್ನು ಮೂರು ವರ್ಷದಿಂದ ಅವರಲ್ಲಿ ಎತ್ತಿದವನಲ್ಲ ನಾನು.

ಊಜಿ ಎಂಬುದು ಒಂದು ನೊಣ. ನಮ್ಮ ರಾಜ್ಯಕ್ಕೆ ಬಂದದ್ದು 1980ರಲ್ಲಿ. ದೊಡ್ಡ ಹುಳುಗಳ ಮೈಮೇಲೆ ಎಳ್ಳಿಗಿಂತ ಸಣ್ಣ ಬಿಳಿಯ ಮೊಟ್ಟೆಯಿಡುತ್ತದೆ. ಎರಡು ಮೂರು ದಿನಕ್ಕೆ ಮರಿ ಒಡೆದು ಹುಳುವಿನ ಒಳಹೊಕ್ಕು, ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಬಿಡುತ್ತದೆ. ಹುಳು ಮಾತ್ರ ಕೇನನಂತೆಯೇ ಸೊಪ್ಪು ತಿನ್ನುತ್ತಲೇ ಇರುತ್ತದೆ. ಗೂಡು ಕಟ್ಟಿದ ಮೇಲೆ ಮರಿ ಹೊರಬಂದರಂತೂ ಗೂಡೇ ತೂತಾಗುತ್ತದೆ. ತೂತುಗೂಡಿನಿಂದ ನೂಲು ಬಿಚ್ಚಲಾಗದು. ನಾನು ಪಿ.ಯು.ಸಿ. ಮುಗಿಸಿದ ವರ್ಷ ನಮ್ಮ ಬೆಳೆಯ ಅರ್ಧ ಹೀಗೆ ಹೋಯಿತು. ಅವ್ವ ದಿನವಿಡೀ ಕುಳಿತು ತೂತುಗೂಡುಗಳನ್ನು ಆರಿಸಿ ಬೇರೆಯಿಟ್ಟಳು. ನನ್ನ ಕಾಲೇಜಿನ ಫೀಸಿಗೆ ಎರಡು ಕುರಿಗಳನ್ನು ಮಾರಬೇಕಾಯಿತು.

ರಜೆಗೆ ಊರಿಗೆ ಹೋದಾಗ, ಸೊಪ್ಪು ಹಾಕುತ್ತಿದ್ದ ಅವ್ವನಿಗೆ ಚಿತ್ರದ ಕಥೆ ಹೇಳಿದೆ. ಎದೆ ಸೀಳಿದ್ದು ಅವಳಿಗೆ ವಿಶೇಷವೆನಿಸಲಿಲ್ಲ. ಆ ಮರಿ ಕೆಲವೇ ಗಂಟೆಗಳಲ್ಲಿ ಆಳೆತ್ತರವನ್ನೂ ಮೀರಿತೆಂದಾಗ ಮಾತ್ರ ಕೈ ನಿಲ್ಲಿಸಿ,

“ಏನು ತಿಂತು ಮಗಾ?” ಎಂದಳು.

ಏನನ್ನೂ ತಿಂದದ್ದನ್ನು ಚಿತ್ರದಲ್ಲಿ ಕಾಣೆ. ನಮ್ಮ ರೇಷ್ಮೆಹುಳು ಸುಮಾರು 25 ದಿನಗಳಲ್ಲಿ ಹುಟ್ಟಿದಾಗಿನ ತೂಕದ 10,000 ಪಟ್ಟು ಬೆಳೆಯುತ್ತದೆ. ಅದೂ ಸೋಜಿಗವೇ. ಆದರೆ ಆ ತೂಕವೆಲ್ಲ ಅವ್ವ ತಲೆಯ ಮೇಲೆ ಹೊತ್ತು ತಂದ ಸೊಪ್ಪು. ನಾಲ್ಕು ಜ್ವರಗಳಲ್ಲಿ ನಾಲ್ಕು ಸಲ ಚರ್ಮ ಕಳಚದೆ ಅದು ಬೆಳೆಯಲಾರದು. ಮೈಯೆಂಬುದು ಗಾಳಿಯಿಂದ ಕೂಡಿಬರುವುದಿಲ್ಲ. ಆ ಪ್ರಾಣಿಯ ರಕ್ತ ನೌಕೆಯ ಉಕ್ಕನ್ನೇ ಕರಗಿಸುವ ಆಮ್ಲವಂತೆ. ಅದನ್ನು ನಾನು ಒಪ್ಪಿಯೇನು, ನಮ್ಮ ಹೊಟ್ಟೆಯಲ್ಲೂ ಆಮ್ಲವಿದೆಯಲ್ಲ. ಅವ್ವನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಅವ್ವ ಮತ್ತೆ ಕೇಳಿದಳು: “ಅಂಥವನ್ನ ಒಳಕ್ಕೆ ಬಿಟ್ಟೋರು ಯಾರು?”

ರಿಪ್ಲಿ ಎಂಬ ಹೆಂಗಸು ಬಾಗಿಲು ತೆಗೆಯಕೂಡದು, 24 ಗಂಟೆ ಹೊರಗಿರಬೇಕೆಂದು ಹಟ ಹಿಡಿದಿದ್ದಳೆಂದೂ, ನೌಕೆಯ ವಿಜ್ಞಾನಾಧಿಕಾರಿಯೇ ಬಾಗಿಲು ತೆಗೆದನೆಂದೂ ಹೇಳಿದೆ.

“ಓದ್ದೋನೇ ತೆಗೆದ್ನಾ?”

ನಾನು ನಕ್ಕೆ. ಅವ್ವ ನಗಲಿಲ್ಲ. ನಾನು ಒಳಗೆ ಬರುವಾಗ ಹುಳುಮನೆಯ ನೈಲಾನ್ ಪರದೆಯನ್ನು ಅರ್ಧ ತೆರೆದೇ ಬಿಟ್ಟಿದ್ದೆ. ಅವಳ ಕಣ್ಣು ಅಲ್ಲಿತ್ತು.

“ಪರದೆ ಎಳಿ ಮದ್ಲು,” ಎಂದು ತಟ್ಟೆಯ ಕಡೆ ತಿರುಗಿದಳು.