ಬನಹಟ್ಟಿಯಲ್ಲಿ ಕೇಳಿದ ಕಾದಂಬರಿ

ಧಾರವಾಡದಿಂದ ಸವದತ್ತಿ, ಯರಗಟ್ಟಿ, ಲೋಕಾಪುರಗಳ ಮೇಲಿಂದ ಬರುವ ಬಸ್ಸು ಕವಿ ರನ್ನನ ಮುಧೋಳವನ್ನು ಮುಟ್ಟುವ ಹೊತ್ತಿಗೆ ರಸ್ತೆಯ ಇಕ್ಕೆಲಗಳಲ್ಲಿ ಕಬ್ಬಿನ ಹಸಿರು ಹಬ್ಬಿಕೊಳ್ಳುತ್ತದೆ. ಅಲ್ಲಿಂದ ಮಹಾಲಿಂಗಪುರವನ್ನು ದಾಟಿ ಮುಂದೆ ಸಾಗಿದರೆ, ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ತೊಡಗಿತು ಎಂಬುದು ಹೊಸಬರಿಗೆ ತಿಳಿಯದು. ಆದರೆ ಒಂದು ಕಾಲಕ್ಕೆ ಇವು ಎರಡು ಬೇರೆ ಸಂಸ್ಥಾನಗಳ ಊರುಗಳು. ರಬಕವಿ ಸಾಂಗಲಿಗೆ ಸೇರಿದ್ದು, ಬನಹಟ್ಟಿ ಜಮಖಂಡಿಗೆ ಸೇರಿದ್ದು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ನಾಡು ಒಂದಾಯಿತು. ೧೯೯೭ರಲ್ಲಿ ವಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು. ಈಗ ಈ ಅವಳಿ ಊರುಗಳ ಹೆಸರಿನಲ್ಲಿಯೇ ಒಂದು ತಾಲೂಕಿದೆ. ಆಳಿಕೆ ಎಷ್ಟು ಸಲ ಬದಲಾದರೂ ಎರಡೂ ಊರುಗಳನ್ನು ಒಂದಾಗಿ ಬೆಸೆದದ್ದು ಮಗ್ಗವೇ.

ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯಲ್ಲಿ. ಉದ್ಯೋಗದ ನಿಮಿತ್ತ ಧಾರವಾಡಕ್ಕೆ ಹೋದವನು ಅಲ್ಲಿಯೇ ನೆಲೆನಿಂತೆ. ಶ್ರೀ ಕಾಡಸಿದ್ಧೇಶ್ವರನ ಜಾತ್ರೆಗೆಂದೋ, ಬಂಧುಗಳ ಮನೆಯ ಮಂಗಲಕಾರ್ಯಕ್ಕೆಂದೋ ಆಗಾಗ ಊರಿಗೆ ಬರುವುದುಂಟು. ಈ ಸಲ ಬಂದ ಕಾರಣ ಬೇರೆ. ಎಳವೆಯಲ್ಲಿ ಕೇಳಿದ ಒಂದು ಕಾದಂಬರಿಯ ಹೆಸರು ನನಗೆ ಬೇಕಾಗಿತ್ತು. ಎಪ್ಪತ್ತು ದಾಟಿದವನಿಗೆ ಇದೆಂಥ ಹಂಬಲವೆಂದು ಓದುಗ ಬಂಧುಗಳು ನಕ್ಕಾರು. ನನ್ನ ಮೊಮ್ಮಗಳು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನೇಮಕಗೊಂಡ ದಿನ ಸಂತೋಷದಿಂದ ಆ ಕತೆಯನ್ನು ಅವಳಿಗೆ ಹೇಳಿದೆ. “ಅಜ್ಜಾ, ಆ ಪುಸ್ತಕದ ಹೆಸರೇನು? ನನಗೊಂದು ಪ್ರತಿ ಕೊಡಿಸು” ಎಂದಳು. ಹೆಸರು ನನಗೆ ತಿಳಿದಿರಲಿಲ್ಲ.

ಅದು ೧೯೬೫ರ ಸುಮಾರು. ನಮ್ಮ ನಡುಮನೆಯಲ್ಲಿ ಅಪ್ಪನ ಕುಣಿಮಗ್ಗವಿತ್ತು. ಬೆಳಗಿನಿಂದ ಸಂಜೆಯವರೆಗೆ ಲಾಳಿಯ ಸದ್ದು. ಸಂಜೆಯ ಮೇಲೆ ಅವ್ವ ರಾಟಿಯ ಮುಂದೆ ಕುಳಿತು ಮರುದಿನಕ್ಕೆ ಬೇಕಾದ ಕಂಡಿಕೆಗಳನ್ನು ಸುತ್ತುವಳು. ಅಕ್ಕ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಒಳ್ಳೆಯ ಗುಣ ಪಡೆದು ತೇರ್ಗಡೆಯಾದವಳು. ಮುಂದೆ ಕಲಿಯುವ ಆಸೆ ಬಹಳವಿತ್ತು. ಆದರೆ ಮನೆಯ ಕಾಯಕಕ್ಕೆ ಕೈಗಳು ಸಾಲದೆ ಅವಳ ಶಾಲೆ ಅಲ್ಲಿಗೇ ನಿಂತಿತು. ಸೀರೆಯ ವ್ಯಾಪಾರಕ್ಕಾಗಿ ಊರೂರು ತಿರುಗುತ್ತಿದ್ದ ಸೋದರಮಾವ ಒಮ್ಮೆ ಹುಬ್ಬಳ್ಳಿಯಿಂದ ಬರುವಾಗ ರಟ್ಟು ಹಾರಿಹೋದ ಒಂದು ಹಳೆಯ ಕಾದಂಬರಿಯನ್ನು ತಂದುಕೊಟ್ಟ. ಮೊದಲ ಹಾಳೆಗಳು ಇರಲಿಲ್ಲವಾದ್ದರಿಂದ ಹೆಸರೂ ಇಲ್ಲ, ಬರೆದವರೂ ಗೊತ್ತಿಲ್ಲ. ಅಕ್ಕ ಕಂದೀಲಿನ ಬೆಳಕಿನಲ್ಲಿ ಓದುವಳು. ಅವ್ವ ಕಂಡಿಕೆ ಸುತ್ತುತ್ತ ಕೇಳುವಳು. ಹನ್ನೆರಡರ ಹುಡುಗನಾದ ನಾನು ಅವ್ವನ ತೊಡೆಗೆ ಒರಗಿರುತ್ತಿದ್ದೆ. ನಾನು ಆ ಪುಸ್ತಕವನ್ನು ಓದಿದವನಲ್ಲ, ಕೇಳಿದವನು.

ನನಗೆ ನೆನಪಿದ್ದದ್ದು ಇಷ್ಟು. ಗಂಗಾ ಎಂಬ ಹುಡುಗಿ. ಅವಳ ಗಂಡ ಮುಂಬಯಿಯ ಗಿರಣಿಗೆ ದುಡಿಯಲು ಹೋದವನು ಮರಳಲಿಲ್ಲ. ಅತ್ತೆಯ ಮನೆಯಲ್ಲಿ ಸಲ್ಲದ ಮಾತುಗಳು. ಅವಳು ನೆರೆಮನೆಯ ಹುಡುಗನಿಂದ ಕದ್ದುಮುಚ್ಚಿ ಅಕ್ಷರ ಕಲಿತು ಗಂಡನಿಗೆ ಪತ್ರ ಬರೆಯುತ್ತಾಳೆ. ಉತ್ತರ ಬರುವುದಿಲ್ಲ. ಕೊನೆಗೆ ಕಲಿತ ಅಕ್ಷರವೇ ಅವಳ ಕೈ ಹಿಡಿಯುತ್ತದೆ. ಅವಳು ಊರಿನ ಕನ್ಯಾಶಾಲೆಯ ಅಕ್ಕೋರು ಆಗುತ್ತಾಳೆ. ವರ್ಷಗಳ ಮೇಲೆ ಗಂಡ ಬಾಗಿಲಿಗೆ ಬಂದು ನಿಂತಾಗ, “ಶಾಲೆಯ ಗಂಟೆಯಾಯಿತು, ನಾನು ಬರುವತನಕ ಕಟ್ಟೆಯ ಮೇಲೆ ಕೂತಿರು” ಎಂದು ಹೇಳಿ ಹೊರಟುಹೋಗುತ್ತಾಳೆ. ಆ ಮಾತನ್ನು ಕೇಳಿ ಅವ್ವ ರಾಟಿ ನಿಲ್ಲಿಸಿ ನಕ್ಕದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಪುಸ್ತಕವು ಮುಂದೆ ಕೈಯಿಂದ ಕೈಗೆ ಹೋಗಿ ಮರಳಿ ಬರಲಿಲ್ಲ.

ಈ ಕೊನೆಯನ್ನೇ ಹಿಡಿದುಕೊಂಡು ಒಂದು ವರ್ಷ ಹುಡುಕಿದೆ. ನಮ್ಮ ಕಡೆಯ ಬದುಕನ್ನು ಬರೆದವರಿಂದ ಆರಂಭಿಸಿದೆ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ೧೯೧೯ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರು, ೧೯೪೫ರಲ್ಲಿ ‘ನಿಸರ್ಗ’ವನ್ನು ಕೊಟ್ಟ ಶೇಡಬಾಳದ ಮಿರ್ಜಿ ಅಣ್ಣಾರಾಯರು, ೧೯೫೭ರಲ್ಲಿ ‘ಗ್ರಾಮಾಯಣ’ವನ್ನು ಕೊಟ್ಟ ರಾವಬಹಾದ್ದೂರರು, ಇವರ ಪುಸ್ತಕಗಳು ಸುಲಭವಾಗಿ ಸಿಕ್ಕವು. ನನ್ನ ಅನುಮಾನವೆಲ್ಲ ಕೃಷ್ಣಮೂರ್ತಿ ಪುರಾಣಿಕರ ಮೇಲಿತ್ತು. ಅವರು ೧೯೧೧ರಲ್ಲಿ ನಮ್ಮ ನೆರೆಯ ಬೀಳಗಿಯಲ್ಲಿಯೇ ಜನಿಸಿದವರು. ಮನೆಯೊಳಗಿನ ಹೆಣ್ಣುಮಕ್ಕಳ ಸುಖದುಃಖಗಳನ್ನು ಬರೆದು ಮನೆಮಾತಾದವರು. ಅವರ ‘ಧರ್ಮದೇವತೆ’ ೧೯೬೨ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಚಲನಚಿತ್ರವಾಯಿತು. ೧೯೭೭ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೂ ಅವರದೇ ಕತೆ. ಕೈಗೆ ಸಿಕ್ಕಷ್ಟನ್ನೂ ತಿರುವಿದೆ. ಶಾಲೆಯ ಗಂಟೆ ಬಾರಿಸುವ ಗಂಗಾ ಎಲ್ಲಿಯೂ ಕಾಣಲಿಲ್ಲ.

ಗ್ರಂಥಾಲಯಗಳಲ್ಲಿ ಕೇಳಿದಾಗ ಮೊದಲ ಪ್ರಶ್ನೆಯೇ, “ಲೇಖಕರು ಯಾರು? ಹೆಸರೇನು?” ಎಂಬುದು. ಅವರದು ತಪ್ಪಲ್ಲ. ಸಾಹಿತ್ಯ ಅಕಾಡೆಮಿ ಸಿದ್ಧಪಡಿಸಿದ ಭಾರತೀಯ ಸಾಹಿತ್ಯದ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ೧೯೦೧ರಿಂದ ೧೯೫೩ರವರೆಗಿನ ಕನ್ನಡ ಗ್ರಂಥಗಳಿಗೂ ಸ್ಥಾನವಿದೆ. ೧೯೫೪ರ ಕಾಯಿದೆಯಂತೆ ಪ್ರಕಾಶಕರು ತಮ್ಮ ಪ್ರತಿಯೊಂದು ಪುಸ್ತಕವನ್ನೂ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕು. ಆದರೆ ಇಂಥ ಸೂಚಿಗಳೆಲ್ಲ ಕರ್ತೃವಿನ ಹೆಸರಿನಿಂದ, ಕೃತಿಯ ಹೆಸರಿನಿಂದ ಕಟ್ಟಿದವು. ಕತೆಯೊಂದನ್ನೇ ಹಿಡಿದು ಬಂದವನಿಗೆ ಅಲ್ಲಿ ಬಾಗಿಲಿಲ್ಲ. ಅಂಥವನು ಕಡೆಗೆ ಅದೇ ಕತೆಯನ್ನು ಕೇಳಿದ ಇನ್ನೊಬ್ಬರ ಬಳಿಗೇ ಹೋಗಬೇಕು. ಅವ್ವ ಲಿಂಗೈಕ್ಯಳಾಗಿ ವರ್ಷಗಳಾದವು. ಉಳಿದವಳು ಅಕ್ಕ. ಅದಕ್ಕಾಗಿಯೇ ಈ ಪ್ರಯಾಣ.

ಅಕ್ಕನನ್ನು ಊರಲ್ಲಿಯೇ ಕೊಟ್ಟಿದೆ. ಮಂಗಳವಾರ ಪೇಟೆಯ ಓಣಿಯಲ್ಲಿ ಈಗ ಕೈಮಗ್ಗದ ಸದ್ದು ಅಪರೂಪ. ಮನೆಮನೆಯಲ್ಲಿ ವಿದ್ಯುತ್ ಮಗ್ಗಗಳು. ಆ ಗದ್ದಲದಲ್ಲಿ ಎದುರು ಕುಳಿತವರ ಮಾತೂ ಕೇಳಿಸದು. ಊಟ ಮುಗಿಸಿ ಕುಳಿತಿದ್ದಾಗ ವಿದ್ಯುತ್ತು ಹೋಯಿತು. ಓಣಿಗೆ ಓಣಿಯೇ ಒಮ್ಮೆಲೆ ಮೌನವಾಯಿತು. ಆಗ ಕೇಳಿದೆ: “ಅಕ್ಕಾ, ಮಾಮಾ ತಂದುಕೊಟ್ಟಿದ್ದ ಆ ಕಾದಂಬರಿ ನೆನಪೈತೇನು? ಗಂಗಾ ಕಡೀಕ ಅಕ್ಕೋರು ಆಗತಾಳಲ್ಲ, ಅದರ ಹೆಸರೇನು?”

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: “ಗಂಗಾ ಅಲ್ಲೋ ತಮ್ಮಾ, ಗೋದಾವರಿ. ಗಂಗವ್ವ ಅಂದ್ರ ನಮ್ಮ ಚಿಗವ್ವ. ಆಕಿ ಬಾವಿಗೆ ಬಿದ್ದು ಸತ್ತು ಆವಾಗ ಎರಡು ವರ್ಷ ಆಗಿತ್ತು. ಅವ್ವ ಕತಿ ಕೇಳಕೋತ ಗೋದಾವರಿಗೆ ಗಂಗಾ ಗಂಗಾ ಅಂತಿದ್ಲು. ನಾನೂ ಹಂಗs ಓದಾಕ ಹತ್ತಿದ್ಯಾ.”

“ಮತ್ತ ಕೊನಿ?”

“ಕೊನೀ ಹಾಳಿ ಇರಲೇ ಇಲ್ಲ. ಮೊದಲಿನ ಹಾಳಿ ಹರಿದಂಗ ಅವೂ ಹರಿದಿದ್ವು. ಗೋದಾವರಿ ರಾತ್ರ್ಯಾಗ ಬಾವಿ ಕಟ್ಟೀ ಮ್ಯಾಲ ಹೋಗಿ ನಿಂತಾಳ, ಅಷ್ಟಕ್ಕ ಪುಸ್ತಕ ತೀರಿತ್ತು. ಅವ್ವನ ಮಾರಿ ನೋಡಿದ್ಯಾ. ರಾಟಿ ನಿಂತಿತ್ತು. ‘ಮುಂದ ಓದವಾ’ ಅಂದ್ಲು. ಏನ ಮಾಡಲಿ? ಖಾಲಿ ರಟ್ಟು ನೋಡಕೋತ ಬಾಯಿಗೆ ಬಂದಂಗ ಓದಿದ್ಯಾ. ಮೂರು ರಾತ್ರಿ ಓದಿದ್ಯಾ.”

ನಾನು ಮಾತಾಡಲಾರದೆ ಹೋದೆ. ಶಿಕ್ಷಕಿಯಾಗಬೇಕೆಂದಿದ್ದವಳು ಯಾರೆಂಬುದು ಆಗ ನನಗೆ ತಿಳಿಯಿತು. ಹದಿನಾರರ ಹುಡುಗಿ ತನಗೆ ದೊರೆಯದ ಶಾಲೆಯನ್ನು ಗೋದಾವರಿಗೆ ಕೊಟ್ಟಿದ್ದಳು. ಬಾವಿಯ ಕಟ್ಟೆಯಿಂದ ಅವಳನ್ನು ಕೈಹಿಡಿದು ಇಳಿಸಿ, ಅವ್ವನನ್ನೂ ಆ ಕಟ್ಟೆಯಿಂದ ಇಳಿಸಿದ್ದಳು. ಅರುವತ್ತು ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮರೆತ ಪುಸ್ತಕವನ್ನು ಹುಡುಕುವವರಿಗೆ ನನ್ನ ಅನುಭವದ ಒಂದು ಮಾತು. ಮನಸ್ಸು ಯಾವ ಭಾಗವನ್ನು ಅತಿ ಪ್ರೀತಿಯಿಂದ ಕಾಪಾಡಿರುತ್ತದೆಯೋ ಅದೇ ಭಾಗ ಪುಸ್ತಕದಲ್ಲಿ ಇರದಿರಬಹುದು. ನನಗೆ ನೆನಪಿದ್ದ ಹೆಸರು ಚಿಕ್ಕವ್ವನದು, ಕೊನೆ ಅಕ್ಕನದು. ಮುಂಬಯಿಯ ಗಿರಣಿ, ಉತ್ತರ ಬಾರದ ಪತ್ರ, ಇವಷ್ಟೇ ಲೇಖಕರವು. ವರ್ಷವಿಡೀ ನಾನು ಅಕ್ಕನ ಕತೆಯನ್ನು ಬೇರೆಯವರ ಪುಸ್ತಕಗಳಲ್ಲಿ ಹುಡುಕುತ್ತಿದ್ದೆ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಮೊದಲೇ ಕೇಳಿದ್ದರೆ ಅಷ್ಟು ಅಲೆದಾಟ ಬೇಕಿರಲಿಲ್ಲ.

ವಿದ್ಯುತ್ತು ಮರಳಿ ಬಂದು ಓಣಿಯ ಮಗ್ಗಗಳು ಮತ್ತೆ ಸದ್ದು ತೆಗೆದವು. ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: “ಆ ಪುಸ್ತಕ ಸಿಕ್ಕರ ತಗೊಂಡು ಬಾ, ತಮ್ಮಾ. ಮೊದಲಿನ ಹಾಳಿ ಓದಿ ಹೇಳು. ಕೊನೀ ಹಾಳಿ ಮಾತ್ರ ಓದಬ್ಯಾಡ.”

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ವಿನಂತಿ. ೧೯೬೫ಕ್ಕಿಂತ ಮೊದಲು ಅಚ್ಚಾದ ಇಂಥದೊಂದು ಕಾದಂಬರಿ, ಗೋದಾವರಿ ಎಂಬ ಸೊಸೆ, ಮುಂಬಯಿಗೆ ಹೋದ ಗಂಡ, ಕದ್ದು ಕಲಿತ ಅಕ್ಷರ, ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿರಿ. ಅದು ಸಿಗಲಿ, ಸಿಗದಿರಲಿ, ಮೊಮ್ಮಗಳ ಪ್ರಶ್ನೆಗೆ ಅರ್ಧ ಉತ್ತರ ನನಗೆ ದೊರೆತಿದೆ. ಮುಂದಿನ ರಜೆಯಲ್ಲಿ ಅವಳನ್ನು ಬನಹಟ್ಟಿಗೆ ಕರೆದುಕೊಂಡು ಹೋಗಿ, ಆ ಕತೆಯ ಕೊನೆಯನ್ನು ಬರೆದವರ ಮುಂದೆ ಕೂರಿಸುವೆನು.